ಪಾಲಿಸಿಯ ಮೊದಲ ಪುಟದ ಐಟಂ 3: ಹಲವು ರಾಜ್ಯಗಳಲ್ಲಿ ಜನರಿರುವ ಕಂಪನಿಗಳಿಗೆ

ನಮಸ್ಕಾರ. ಅಮೆರಿಕದಲ್ಲಿ ಕಂಪನಿ ನಡೆಸುವ ಎಷ್ಟೋ ಜನ ಒಂದು ರಾಜ್ಯದಲ್ಲಿ ವಿಮೆ ಮಾಡಿಸಿದರೆ ಎಲ್ಲ ರಾಜ್ಯಗಳಲ್ಲೂ ನಡೆಯುತ್ತದೆ ಅಂತ ನಂಬಿಕೊಂಡಿದ್ದಾರೆ. ಹೊರಗಿನವರಿಗಾದ ಗಾಯ, ನಷ್ಟಕ್ಕೆ ಕಂಪನಿ ಹೊಣೆಯಾದಾಗ ನೆರವಾಗುವ ಜನರಲ್ ಲಯಬಿಲಿಟಿ ವಿಮೆಯ ಮಟ್ಟಿಗೆ ಅದು ಹೆಚ್ಚುಕಡಿಮೆ ನಿಜ. ಆದರೆ ಕೆಲಸಗಾರರಿಗೆ ಗಾಯವಾದಾಗ ಪರಿಹಾರ ಕೊಡುವ ವರ್ಕರ್ಸ್ ಕಾಂಪ್‌ಗೆ ಆ ಮಾತು ಅನ್ವಯಿಸುವುದಿಲ್ಲ. ಅದನ್ನು ನಡೆಸುವುದು ಆಯಾ ರಾಜ್ಯದ ಕಾನೂನು. ಹಾಗಾಗಿ ನಿಮ್ಮ ವಿಮೆ ಕಡತದಲ್ಲಿ ಮೊದಲು ತೆರೆದು ನೋಡಬೇಕಾದ್ದು ಇದನ್ನೇ ಅಂತ ನಾನು ಒತ್ತಿ ಹೇಳುತ್ತೇನೆ.

ವರ್ಕರ್ಸ್ ಕಾಂಪ್ ಪಾಲಿಸಿಯ ಮೊದಲ ಪುಟ, ಅಂದರೆ ಇನ್ಫರ್ಮೇಷನ್ ಪೇಜ್ ತೆಗೆಯಿರಿ. ಅಲ್ಲಿ ಐಟಂ 3 ಇದೆ. 3ಎ ಎಂಬಲ್ಲಿ ನೀವು ಈಗ ಕೆಲಸ ನಡೆಸುತ್ತಿರುವ ರಾಜ್ಯಗಳ ಹೆಸರು ಇರಬೇಕು. 3ಸಿ ಎಂಬಲ್ಲಿ ಮುಂದೆ ಕೆಲಸ ಶುರುವಾಗಬಹುದಾದ ರಾಜ್ಯಗಳು ಇರುತ್ತವೆ. ಎಡವುವುದು ಈ ಎರಡರ ನಡುವೆ.

ನ್ಯೂಜೆರ್ಸಿ ಕಂಪನಿಯೊಂದರ ಪಾಲಿಸಿ ಜನವರಿ 1ಕ್ಕೆ ಶುರುವಾಗಿದೆ ಅಂದುಕೊಳ್ಳಿ. ಮಾರ್ಚ್‌ನಲ್ಲಿ ಒಬ್ಬ ಉದ್ಯೋಗಿ ಪೆನ್ಸಿಲ್ವೇನಿಯಾಗೆ ಮನೆ ಬದಲಿಸಿ ಅಲ್ಲಿಂದಲೇ ಕೆಲಸ ಮಾಡುತ್ತಾನೆ. ಪೆನ್ಸಿಲ್ವೇನಿಯಾ 3ಸಿಯಲ್ಲಿದ್ದರೆ ಆ ವರ್ಷಕ್ಕೆ ರಕ್ಷಣೆ ಉಂಟು, ತಕ್ಷಣ ತಿಳಿಸಬೇಕು ಅಷ್ಟೆ. ಯಾರೂ ತಿಳಿಸಲಿಲ್ಲ. ಮುಂದಿನ ಜನವರಿಗೆ ಹಳೇ ಪಟ್ಟಿಯಲ್ಲೇ ಪಾಲಿಸಿ ನವೀಕರಣವಾಯಿತು. ಈಗ ಅಲ್ಲಿನ ಕೆಲಸ ಪಾಲಿಸಿ ಶುರುವಾಗುವ ದಿನಕ್ಕೇ ನಡೆಯುತ್ತಿತ್ತು, ಹಾಗಾಗಿ 3ಸಿ ನೆರವಿಗೆ ಬರುವುದಿಲ್ಲ. 30 ದಿನದೊಳಗೆ ವಿಮಾ ಕಂಪನಿಗೆ ತಿಳಿಸದಿದ್ದರೆ ಆ ರಾಜ್ಯಕ್ಕೆ ರಕ್ಷಣೆಯೇ ಇಲ್ಲ. ಫೆಬ್ರವರಿಯಲ್ಲಿ ಆತ ಕೆಲಸದ ವೇಳೆ ಬಿದ್ದು ಬೆನ್ನು ಮುರಿದುಕೊಂಡರೆ ಆಸ್ಪತ್ರೆ ಖರ್ಚು, ಸಂಬಳದ ಪರಿಹಾರ, ಜೊತೆಗೆ ವಿಮೆ ಇಲ್ಲದ್ದಕ್ಕೆ ದಂಡ, ಎಲ್ಲ ಕಂಪನಿಯ ಜೇಬಿನಿಂದಲೇ ಹೋಗಬೇಕಾಗಬಹುದು. ಮೊದಲ ವರ್ಷ ಸರಿಯಿತ್ತಲ್ಲ ಎಂಬ ಧೈರ್ಯವೇ ಎರಡನೇ ವರ್ಷ ಕೈಕೊಡುತ್ತದೆ.

ಓಹಾಯೋ, ವಾಷಿಂಗ್ಟನ್, ವ್ಯೋಮಿಂಗ್, ನಾರ್ತ್ ಡಕೋಟಾ, ಈ ನಾಲ್ಕರ ಕಥೆ ಬೇರೆ. ಅಲ್ಲಿ ಖಾಸಗಿ ವಿಮಾ ಕಂಪನಿಗಳಿಂದ ವರ್ಕರ್ಸ್ ಕಾಂಪ್ ಸಿಗುವುದಿಲ್ಲ, ಸಾಮಾನ್ಯವಾಗಿ ರಾಜ್ಯದ ನಿಧಿಯಲ್ಲೇ ಖಾತೆ ತೆರೆಯಬೇಕು. ಆ ನಿಧಿಯಲ್ಲಿ ಎಂಪ್ಲಾಯರ್ಸ್ ಲಯಬಿಲಿಟಿ, ಅಂದರೆ ಕೆಲಸಗಾರ ಮಾಲೀಕರ ಮೇಲೆ ಮೊಕದ್ದಮೆ ಹೂಡಿದಾಗ ಸಿಗುವ ರಕ್ಷಣೆ ಇರುವುದಿಲ್ಲ. ಮಾಲೀಕರ ನಿರ್ಲಕ್ಷ್ಯದಿಂದ ಹೀಗಾಯಿತು ಅಂತ ಕೆಲಸಗಾರ ಕೋರ್ಟಿಗೆ ಹೋದರೆ ವಕೀಲರ ಖರ್ಚೂ ನಿಮ್ಮದೇ. ಅದಕ್ಕೆ ಪಾಲಿಸಿಗೆ ಸೇರಿಸುವ ತಿದ್ದುಪಡಿ, ಅಂದರೆ ಸ್ಟಾಪ್ ಗ್ಯಾಪ್ ಎಂಬ ಎಂಡಾರ್ಸ್‌ಮೆಂಟ್ ಇದೆ, ಕೇಳಿ ಹಾಕಿಸಿಕೊಳ್ಳಿ. ಟೆಕ್ಸಸ್‌ನಲ್ಲಿ ಹೆಚ್ಚಿನ ಖಾಸಗಿ ಕಂಪನಿಗಳಿಗೆ ವರ್ಕರ್ಸ್ ಕಾಂಪ್ ಕಡ್ಡಾಯವಲ್ಲ, ಆದರೆ ವಿಮೆ ಮಾಡಿಸದವರು ಮೊಕದ್ದಮೆಯಲ್ಲಿ ಕೆಲಸಗಾರನದೂ ತಪ್ಪಿತ್ತು ಎಂಬ ವಾದವನ್ನೇ ಕಳೆದುಕೊಳ್ಳುತ್ತಾರೆ. ಪ್ರೀಮಿಯಂ ಉಳಿಸಲು ಅದನ್ನು ಬಿಡುವುದು ನನಗಂತೂ ಸರಿಕಾಣುವುದಿಲ್ಲ.

ಆಸ್ತಿ ವಿಮೆಯಲ್ಲಿ ಒಂದೇ ಮಾತು: ಡಿಡಕ್ಟಿಬಲ್, ಅಂದರೆ ವಿಮೆ ಕೊಡುವ ಮೊದಲು ನೀವೇ ಭರಿಸಬೇಕಾದ ಮೊತ್ತ ನೋಡಿ. ಫ್ಲಾರಿಡಾದಲ್ಲಿ ಚಂಡಮಾರುತದ ಡಿಡಕ್ಟಿಬಲ್ ಸಾಮಾನ್ಯವಾಗಿ ಶೇಕಡಾ ಲೆಕ್ಕದಲ್ಲಿರುತ್ತದೆ, ಅದೂ ನಷ್ಟದ ಮೇಲಲ್ಲ, ವಿಮೆ ಮಾಡಿಸಿದ ಮೌಲ್ಯದ ಮೇಲೆ. 20 ಲಕ್ಷ ಡಾಲರ್ ಕಟ್ಟಡಕ್ಕೆ ಶೇ. 5 ಅಂದರೆ ಮೊದಲ 1 ಲಕ್ಷ ಡಾಲರ್ ನಿಮ್ಮದು. ಛಾವಣಿ ಹಾರಿ 80 ಸಾವಿರ ಖರ್ಚಾದರೆ ಕ್ಲೇಮ್ ಸೊನ್ನೆ.

ಈ ತೊಂದರೆಗಳೆಲ್ಲ ಹುಟ್ಟುವುದು ಪೇರೋಲ್ ನೋಡುವವರಿಗೂ ವಿಮೆ ನೋಡುವವರಿಗೂ ಮಾತುಕತೆ ಇಲ್ಲದ್ದರಿಂದ. ಹೊಸ ರಾಜ್ಯದಲ್ಲಿ ತೆರಿಗೆ ಖಾತೆ ತೆರೆದ ದಿನವೇ ಏಜೆಂಟರಿಗೊಂದು ಇಮೇಲ್ ಹೋಗಲಿ. ನವೀಕರಣಕ್ಕೆ ಎರಡು ತಿಂಗಳ ಮೊದಲು ಪ್ರತಿಯೊಬ್ಬರೂ ನಿಜವಾಗಿ ಕೂತು ಕೆಲಸ ಮಾಡುವ ವಿಳಾಸ ತೆಗೆದು 3ಎ ಜೊತೆ ತಾಳೆ ನೋಡಿ. ಏಜೆಂಟರು ಫೋನಿನಲ್ಲಿ ಆಯ್ತು ಅಂದರೆ ಸಾಲದು, ವಿಮೆ ಇದೆ ಎಂಬ ಸರ್ಟಿಫಿಕೇಟ್ ಕಳಿಸಿದರೂ ಸಾಲದು. ರಾಜ್ಯದ ಹೆಸರು ಸೇರಿಸಿದ ಎಂಡಾರ್ಸ್‌ಮೆಂಟ್ ಪ್ರತಿಯನ್ನೇ ಕೇಳಿ ಪಡೆಯಿರಿ.