ಕೋಸ್ಟ್ ಗಾರ್ಡ್ ಹುಟ್ಟಿದ್ದು ಬಂಗಾರದ ಸಲುವಾಗಿ!

[ದೃಶ್ಯ: ಕಲಬುರಗಿ ಸರಾಫ್ ಬಜಾರ್, ಬಂಗಾರದ ಅಂಗಡಿ ಮುಂದೆ ನಿರೂಪಕ]

ನಮಸ್ಕಾರ್ರೀ. ಕಲಬುರಗಿ ಮಂದಿಗೆ ದೊಡ್ಡ ನೀರು ಅಂದ್ರ ಭೀಮಾ ಹೊಳಿ. ಅಂಥಾದ್ರಾಗ ಸಮುದ್ರ ಕಾಯೋ ಪಡೆ ಕೋಸ್ಟ್ ಗಾರ್ಡ್‌ನ ಕಥಿ ಸರಾಫ್ ಬಜಾರದಾಗ ನಿಂತು ಯಾಕ ಹೇಳಲತ್ತೀನಿ? ಕಥಿ ಶುರುವಾಗೋದೇ ಬಂಗಾರದಿಂದ.

[ದೃಶ್ಯ: ಅರಬ್ಬಿ ಸಮುದ್ರದ ನಕ್ಷೆ, ದುಬೈನಿಂದ ಮುಂಬೈಗೆ ಬಾಣದ ಗುರುತು]

1960-70ರ ದಶಕದಾಗ ಹೊರಗಿಂದ ಬಂಗಾರ ತರಲಿಕ್ಕ ಸರ್ಕಾರದ ಬಿಗಿ ನಿರ್ಬಂಧ. ದುಬೈದಾಗ ರೇಟು ಕಡಿಮಿ, ಇಲ್ಲಿ ಜಾಸ್ತಿ. ಇನ್ನೇನು ಬೇಕು? ಕಳ್ಳಮಾಲಿನ ಹಡಗು ರಾತ್ರೋರಾತ್ರಿ ಪಶ್ಚಿಮ ಕರಾವಳಿಗೆ ಬಂದು ಬಂಗಾರ ಇಳಿಸ್ತಿದ್ವು. ಬೆನ್ನಹತ್ತಿ ಹಿಡಿಯೋವಷ್ಟು ದೋಣಿ ಕಸ್ಟಮ್ಸ್‌ನವರ ಹತ್ರ ಇರ್ಲಿಲ್ಲ. ನೌಕಾಪಡೆನ್ನ ಕಳಿಸಬಹುದಿತ್ತಲ್ಲ ಅಂತೀರಿ. ಯುದ್ಧಕ್ಕಂತ ಕಟ್ಟಿದ ಹಡಗು, ಯುದ್ಧಕ್ಕಂತ ತಯಾರಾದ ಮಂದಿ. ಅವರನ್ನ ದಿನಾ ಕಳ್ಳದೋಣಿ ಹಿಂದ ಓಡಿಸಿದ್ರ ಖರ್ಚೂ ದಂಡ, ತಾಲೀಮೂ ದಂಡ.

1974ರಾಗ ಸಮಿತಿ ಆಯ್ತು. ಅಧ್ಯಕ್ಷರು ಗಡಿ ಭದ್ರತಾ ಪಡೆಯ ಮೊದಲ ಮುಖ್ಯಸ್ಥ ಕೆ.ಎಫ್. ರುಸ್ತಮ್‌ಜಿ. ನೆಲದ ಗಡಿ ಕಾಯೋ ಪಡೆ ಕಟ್ಟಿದ ಪೊಲೀಸ್ ಅಧಿಕಾರಿಗೇ ನೀರಿನ ಗಡಿ ಲೆಕ್ಕಾನೂ ಕೊಟ್ಟದ್ದು ನನಗಂತೂ ಶಾಣ್ಯಾತನ ಅನಿಸ್ತದ. ಸಮುದ್ರದ ಮ್ಯಾಲ ಕಾನೂನು ನಡೆಸಲಿಕ್ಕ ಬ್ಯಾರೆನೇ ಪಡೆ ಬೇಕು, ಅದು ರಕ್ಷಣಾ ಸಚಿವಾಲಯದ ಕೆಳಗಿರಲಿ ಅಂತ 1975ರಾಗ ಅವರ ವರದಿ ಬಂತು. ಗೃಹ ಸಚಿವಾಲಯಕ್ಕ ಕೊಡ್ರಿ ಅಂತ ಸಂಪುಟ ಕಾರ್ಯದರ್ಶಿ ಹೇಳಿದ್ರೂ ಇಂದಿರಾ ಗಾಂಧಿ ಒಪ್ಪಲಿಲ್ಲ.

[ತೆರೆ ಮೇಲೆ: 200 ನಾಟಿಕಲ್ ಮೈಲಿ = ಸುಮಾರು 370 ಕಿ.ಮೀ.]

ಅಷ್ಟೊತ್ತಿಗೆ ಮುಂಬೈ ಹತ್ರದ ಸಮುದ್ರದಾಗ, ಬಾಂಬೆ ಹೈ ಅನ್ನೋ ಜಾಗದಾಗ, ಎಣ್ಣಿ ಸಿಕ್ಕಿತ್ತು. 1976ರ ಕಾಯ್ದೆಯಿಂದ ದಂಡಿಯಿಂದ 200 ನಾಟಿಕಲ್ ಮೈಲಿ ತನಕ ಮೀನು, ಎಣ್ಣಿ, ಖನಿಜದ ಹಕ್ಕು ನಮ್ಮದಾಯ್ತು. ಒಟ್ಟು 20 ಲಕ್ಷ ಚದರ ಕಿ.ಮೀ. ಮಿಕ್ಕಿದ ನೀರು, ಕರ್ನಾಟಕದಂಥವು ಹತ್ತು ರಾಜ್ಯ ಹಿಡಿಸ್ತಾವ.

ಇಷ್ಟು ಕಾಯಲಿಕ್ಕ 1977ರ ಫೆಬ್ರವರಿ 1ಕ್ಕ ಕೋಸ್ಟ್ ಗಾರ್ಡ್ ಶುರುವಾದಾಗ ಎಷ್ಟು ಹಡಗು ಇದ್ವು ಗೊತ್ತೇನ್ರಿ? ಏಳು! ನೌಕಾಪಡೆಯ ಹಳೇ ‘ಕೃಪಾಣ್’, ‘ಕುಠಾರ್’, ಮ್ಯಾಲ 5 ಗಸ್ತು ದೋಣಿ. ಕೋಸ್ಟ್ ಗಾರ್ಡ್ ಕಾಯ್ದೆ ಬಂದದ್ದು ಮರುವರ್ಷ. 1978ರ ಆಗಸ್ಟ್ 19ಕ್ಕ ಪ್ರಧಾನಿ ಮೊರಾರ್ಜಿ ದೇಸಾಯಿ ಪಡೆನ್ನ ಉದ್ಘಾಟಿಸಿದ್ರು. ಈಗ 150ಕ್ಕಿಂತ ಹೆಚ್ಚು ಹಡಗು-ದೋಣಿ ಅವ. 2008ರ ಮುಂಬೈ ದಾಳಿಕೋರರು ಮೀನುಗಾರರ ದೋಣಿ ಅಪಹರಿಸಿ ಬಂದಿದ್ರಲ್ಲ, ಅದಾದ ಮ್ಯಾಲ ಕರಾವಳಿ ಭದ್ರತೆಯ ಹೊಣಿ ಇನ್ನೂ ಹೆಚ್ಚಾಯ್ತು.

[ದೃಶ್ಯ: ಮೈದಾನದಲ್ಲಿ ಓಡುತ್ತಿರುವ ಹುಡುಗರು]

ಕಾಲೇಜು ಹುಡುಗರೇ, ಸೇರಲಿಕ್ಕ ಮಂಗಳೂರಾಗೇ ಹುಟ್ಟಬೇಕಂತಿಲ್ಲ. ಪಿಯುಸಿದಾಗ ಫಿಸಿಕ್ಸ್, ಮ್ಯಾಥ್ಸ್ ಇದ್ರ ನಾವಿಕ್ ಜನರಲ್ ಡ್ಯೂಟಿ ಪರೀಕ್ಷೆಗೆ ಅರ್ಜಿ ಹಾಕ್ರಿ. ದೈಹಿಕ ಪರೀಕ್ಷೆದಾಗ 1.6 ಕಿ.ಮೀ. 7 ನಿಮಿಷದಾಗ ಓಡಬೇಕು. ನಮ್ಮ ಬಿಸಲಾಗ ತಾಲೀಮು ಮಾಡೋದಿದ್ರ ಮುಂಜಾನಿ ಲಗೂನೇ ಏಳ್ರಿ.