ನಾಳೆಯಿಂದ ಶಾಲೆ ಇಲ್ಲ ಎಂದರೆ: ಸಾಂಕ್ರಾಮಿಕ ರೋಗ ಹಬ್ಬುವ ಮೊದಲೇ ಮನೆ ಮತ್ತು ಶಾಲೆ ಮಾಡಿಕೊಳ್ಳಬೇಕಾದ ಸಿದ್ಧತೆ

(ಪರದೆಯಲ್ಲಿ: ಹಳೆಯ ಕಾಲದ ರೇಡಿಯೋ, ಪಕ್ಕದಲ್ಲಿ ಮಡಚಿಟ್ಟ ದಿನಪತ್ರಿಕೆ, ಎದುರಿಗೆ ಪೆನ್ಸಿಲ್ ಹಿಡಿದು ಕುಳಿತ ಮಗು.)

1937ರ ಸೆಪ್ಟೆಂಬರ್ ತಿಂಗಳು. ಅಮೆರಿಕದ ಶಿಕಾಗೊ ನಗರದಲ್ಲಿ ಪೋಲಿಯೊ ಹಬ್ಬಿದ್ದರಿಂದ, ಬೇಸಿಗೆ ರಜೆ ಮುಗಿದ ಮೇಲೂ ಶಾಲೆಗಳ ಬಾಗಿಲು ತೆರೆಯಲಿಲ್ಲ. ಆಗ ಅಲ್ಲಿನ ಶಿಕ್ಷಣ ಆಡಳಿತ ನಗರದ ರೇಡಿಯೋ ಕೇಂದ್ರಗಳಿಂದ ಸಮಯ ಕೇಳಿ ಪಡೆದು, ಮೂರರಿಂದ ಎಂಟನೆಯ ತರಗತಿಯವರೆಗಿನ ಮೂರು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಹದಿನೈದು ನಿಮಿಷಗಳ ಪಾಠಗಳನ್ನು ಪ್ರಸಾರ ಮಾಡಿತು. ಯಾವ ಪಾಠ, ಎಷ್ಟು ಹೊತ್ತಿಗೆ, ಯಾವ ಕೇಂದ್ರದಲ್ಲಿ ಎಂಬ ಪಟ್ಟಿಯನ್ನು ದಿನಪತ್ರಿಕೆಗಳು ಮುದ್ರಿಸಿದವು. ಸಂದೇಹ ಬಂದವರು ಕೇಳಲೆಂದು ದೂರವಾಣಿಯ ಮುಂದೆ ಶಿಕ್ಷಕರನ್ನು ಕೂರಿಸಿದರೆ, ಮೊದಲ ದಿನವೇ ಸಾವಿರಕ್ಕೂ ಹೆಚ್ಚು ಕರೆಗಳು ಬಂದು, ಇನ್ನಷ್ಟು ಜನರನ್ನು ಸೇರಿಸಬೇಕಾಯಿತು. ಪಾಠ ತುಂಬ ವೇಗವಾಗಿ ಓಡುತ್ತಿದೆ, ನಮ್ಮ ಕಡೆ ಸ್ಪಷ್ಟವಾಗಿ ಕೇಳಿಸುತ್ತಿಲ್ಲ, ನಮ್ಮ ಮನೆಯಲ್ಲಿ ರೇಡಿಯೋವೇ ಇಲ್ಲ, ನಡುವೆ ಪ್ರಶ್ನೆ ಕೇಳುವುದಕ್ಕೆ ಆಗುವುದಿಲ್ಲ ಎಂಬ ದೂರುಗಳು ಅಂದು ಕೇಳಿಬಂದವು. ಆ ದೂರುಗಳಲ್ಲಿ ರೇಡಿಯೋ ಎಂಬ ಪದವನ್ನು ತೆಗೆದು ಮೊಬೈಲ್ ಎಂದು ಹಾಕಿದರೆ, 83 ವರ್ಷಗಳ ಅನಂತರ ನಾವೆಲ್ಲ ಆಡಿದ ಮಾತೇ ಅದು.

(ಪರದೆಯಲ್ಲಿ: 2020, ಏಪ್ರಿಲ್. ಖಾಲಿ ತರಗತಿ.)

2020ರ ಏಪ್ರಿಲ್‌ನಲ್ಲಿ, ಯುನೆಸ್ಕೊ ಲೆಕ್ಕದ ಪ್ರಕಾರ, 190ಕ್ಕೂ ಹೆಚ್ಚು ದೇಶಗಳಲ್ಲಿ 150 ಕೋಟಿಗೂ ಮೀರಿದ ವಿದ್ಯಾರ್ಥಿಗಳು ತರಗತಿಯಿಂದ ಹೊರಗಿದ್ದರು. ಅವರಲ್ಲಿ ಕನಿಷ್ಠ 46 ಕೋಟಿ ಮಕ್ಕಳಿಗೆ ಟಿವಿ, ರೇಡಿಯೋ, ಅಂತರ್ಜಾಲ ಇವುಗಳಲ್ಲಿ ಯಾವುದರ ಮೂಲಕವೂ ಪಾಠ ತಲುಪುವ ದಾರಿ ಇರಲಿಲ್ಲವೆಂದು ಯುನಿಸೆಫ್ ಅದೇ ವರ್ಷದ ಆಗಸ್ಟ್‌ನಲ್ಲಿ ಅಂದಾಜು ಮಾಡಿತು. ರೋಗ ಬೇರೆ, ಸಾಧನ ಬೇರೆ. ಎಡವಿದ ಕಲ್ಲು ಮಾತ್ರ ಅದೇ.

ಶಾಲೆ ಮುಚ್ಚುವ ಆದೇಶ ಹೊರಡಿಸುವುದಕ್ಕೆ ಒಂದು ಸಂಜೆ ಸಾಕು. ಆದರೆ ಶಾಲೆಯು ಪಾಠದ ಜೊತೆಗೆ ಇನ್ನೂ ಮೂರು ಕೆಲಸಗಳನ್ನು ಸದ್ದಿಲ್ಲದೆ ಮಾಡುತ್ತಿರುತ್ತದೆ. ಹಗಲೆಲ್ಲ ಮಗುವನ್ನು ನೋಡಿಕೊಳ್ಳುತ್ತದೆ, ಎಷ್ಟೋ ಮಕ್ಕಳಿಗೆ ಊಟ ಕೊಡುತ್ತದೆ, ಮೈಮೇಲೆ ಗಾಯ ಕಂಡರೆ ಅಥವಾ ಮುಖ ಬಾಡಿದ್ದರೆ ಏನಾಯಿತೆಂದು ಕೇಳುವ ಒಬ್ಬ ಹಿರಿಯರನ್ನು ಮಗುವಿನ ಹತ್ತಿರ ಇಟ್ಟಿರುತ್ತದೆ. ಬಾಗಿಲು ಹಾಕಿದ ದಿನ ಈ ನಾಲ್ಕೂ ಒಟ್ಟಿಗೆ ನಿಲ್ಲುತ್ತವೆ. ಸಿದ್ಧತೆ ಎಂದರೆ ಮನೆತುಂಬ ಸಾಮಾನು ಪೇರಿಸಿಕೊಳ್ಳುವುದಲ್ಲ. ಈ ನಾಲ್ಕು ಕೆಲಸಗಳನ್ನು ಅಂದು ಯಾರು ಹೊತ್ತುಕೊಳ್ಳುತ್ತಾರೆ ಎಂಬುದನ್ನು, ಯಾರಿಗೂ ಜ್ವರವಿಲ್ಲದ ದಿನದಲ್ಲಿ ಕುಳಿತು ಬರೆದುಕೊಳ್ಳುವುದು.

(ಪರದೆಯಲ್ಲಿ: ಪ್ರಶ್ನಾರ್ಥಕ ಚಿಹ್ನೆ. ಮುಚ್ಚಬೇಕೇ, ಬೇಡವೇ?)

ಮುಚ್ಚುವುದು ಸರಿಯೋ ತಪ್ಪೋ ಎಂಬ ಪ್ರಶ್ನೆಗೆ ಇತಿಹಾಸ ಒಂದೇ ಉತ್ತರ ಕೊಟ್ಟಿಲ್ಲ. 1918ರ ಫ್ಲೂ ಕಾಲದಲ್ಲಿ ಸೇಂಟ್ ಲೂಯಿಸ್ ನಗರ ಅಕ್ಟೋಬರ್ ಆರಂಭದಲ್ಲೇ ಶಾಲೆ, ಚಿತ್ರಮಂದಿರಗಳನ್ನು ಮುಚ್ಚಿತು. ಫಿಲಡೆಲ್ಫಿಯಾ ಅದಕ್ಕೆ ಕೆಲವೇ ದಿನ ಮೊದಲು ದೊಡ್ಡ ಮೆರವಣಿಗೆಯೊಂದನ್ನು ನಡೆಸಿ, ಅನಂತರ ಭಾರಿ ಬೆಲೆ ತೆತ್ತಿತು. ಅಮೆರಿಕದ 43 ನಗರಗಳ ಆ ಕಾಲದ ದಾಖಲೆಗಳನ್ನು ಹೋಲಿಸಿ 2007ರಲ್ಲಿ ಪ್ರಕಟವಾದ ಅಧ್ಯಯನವು, ನಿರ್ಬಂಧಗಳನ್ನು ಬೇಗ ಆರಂಭಿಸಿ, ಹೆಚ್ಚು ದಿನ ಉಳಿಸಿಕೊಂಡು, ಒಂದಕ್ಕಿಂತ ಹೆಚ್ಚು ಕ್ರಮಗಳನ್ನು ಜೊತೆಗೂಡಿಸಿದ ನಗರಗಳಲ್ಲಿ ಸಾವು ಕಡಿಮೆಯಾಗಿತ್ತೆಂದು ತೋರಿಸಿತು. ಆದರೆ ಅದೇ 1918ರಲ್ಲಿ ನ್ಯೂಯಾರ್ಕ್ ಶಾಲೆಗಳನ್ನು ತೆರೆದೇ ಇಟ್ಟಿತ್ತು. ಒಂದೇ ಕೋಣೆಯಲ್ಲಿ ಇಡೀ ಸಂಸಾರ ಮಲಗುವ ಮನೆಗಿಂತ, ದಿನವೂ ವೈದ್ಯರ ಮತ್ತು ಶಿಕ್ಷಕರ ಕಣ್ಣಿಗೆ ಬೀಳುವ ತರಗತಿಯೇ ಮಗುವಿಗೆ ಸುರಕ್ಷಿತ ಎಂಬುದು ಅಲ್ಲಿನ ಆರೋಗ್ಯಾಧಿಕಾರಿಗಳ ವಾದವಾಗಿತ್ತು. 2009ರ ಎಚ್1ಎನ್1 (ಹಂದಿಜ್ವರ) ಸಂದರ್ಭದಲ್ಲಂತೂ, ಸೋಂಕು ಕಂಡ ಶಾಲೆಯನ್ನು 14 ದಿನಗಳವರೆಗೆ ಮುಚ್ಚಬಹುದೆಂದು ಮೇ ತಿಂಗಳ ಮೊದಲಲ್ಲಿ ಹೇಳಿದ್ದ ಅಮೆರಿಕದ ರೋಗ ನಿಯಂತ್ರಣ ಕೇಂದ್ರವೇ, ಕಾಯಿಲೆ ಮೊದಲು ಅಂದುಕೊಂಡಷ್ಟು ತೀವ್ರವಲ್ಲವೆಂದು ತಿಳಿದುಬಂದ ಕೂಡಲೇ, ವಾರ ತುಂಬುವ ಮೊದಲೇ ಆ ಸಲಹೆಯನ್ನು ಹಿಂದಕ್ಕೆ ಪಡೆದು, ಕಾಯಿಲೆ ಬಿದ್ದವರು ಮನೆಯಲ್ಲಿರಲಿ ಎಂದಿತು. ಇದನ್ನು ಅಧಿಕಾರಿಗಳ ಚಂಚಲತೆ ಎಂದು ಗೇಲಿ ಮಾಡುವವರಿದ್ದಾರೆ. ಮಾಹಿತಿ ಬದಲಾದಾಗ ಸಲಹೆ ಬದಲಾಗುವುದೇ ಸರಿ ಎಂದು ನನಗನ್ನಿಸುತ್ತದೆ. ನಾವು ಮಾಡಬೇಕಾದದ್ದು, ನಾಳೆ ಮುಚ್ಚಿದರೂ ವಾರದೊಳಗೆ ಮತ್ತೆ ತೆರೆದರೂ ನಡೆಯುವಂಥ ಏರ್ಪಾಡು.

ಮುಚ್ಚುವುದರಲ್ಲಿಯೂ ಎರಡು ಬಗೆಯಿದೆ ಎಂಬುದನ್ನು ಗಮನದಲ್ಲಿಡಬೇಕು. ಬಹಳಷ್ಟು ಮಕ್ಕಳೂ ಶಿಕ್ಷಕರೂ ಒಟ್ಟಿಗೆ ಹಾಸಿಗೆ ಹಿಡಿದು ತರಗತಿ ನಡೆಸುವುದೇ ಅಸಾಧ್ಯವಾದಾಗ ಹಾಕುವ ಬೀಗ ಸಾಮಾನ್ಯವಾಗಿ ಕೆಲವು ದಿನಗಳದ್ದು. ಸೋಂಕು ಇನ್ನೂ ವ್ಯಾಪಕವಾಗಿ ಹರಡುವ ಮೊದಲೇ ಅದರ ವೇಗ ತಗ್ಗಿಸಲು ಹಾಕುವ ಬೀಗ ವಾರಗಳದ್ದು, ತಿಂಗಳುಗಳದ್ದು ಆಗಬಹುದು. ಉಗಾಂಡದಲ್ಲಿ 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಗಳು ಪೂರ್ತಿಯಾಗಿ ತೆರೆದದ್ದು 2022ರ ಜನವರಿಯಲ್ಲಿ.

(ಪರದೆಯಲ್ಲಿ: ಅಲಮಾರಿನ ಬಾಗಿಲ ಒಳಬದಿಗೆ ಅಂಟಿಸಿದ ಒಂದು ಹಾಳೆ.)

ಈಗ ಮನೆಯ ವಿಷಯಕ್ಕೆ ಬರೋಣ. ನಮ್ಮ ಮನೆಯಲ್ಲಿ ಅಲಮಾರಿನ ಬಾಗಿಲ ಒಳಗಡೆ ಒಂದು ಹಾಳೆಯನ್ನು ಅಂಟಿಸಿದ್ದೇವೆ. ಅದರಲ್ಲಿ ಮೂರೇ ಸಾಲುಗಳಿವೆ: ಮೊದಲ ದಿನ ಮಗುವಿನ ಜೊತೆ ಯಾರು, ಮೊದಲ ವಾರ ಯಾರು, ಅದರಾಚೆ ಯಾರು. ಮೊದಲ ಸಾಲನ್ನು ತುಂಬಲು ನಮಗೆ ಒಂದು ನಿಮಿಷವೂ ಹಿಡಿಯಲಿಲ್ಲ. ಮೂರನೆಯ ಸಾಲು ಎರಡು ತಿಂಗಳು ಖಾಲಿಯೇ ಇತ್ತು. ಬಹುತೇಕ ಮನೆಗಳಲ್ಲಿ ಹೀಗೆಯೇ ಆಗುತ್ತದೆ, ಏಕೆಂದರೆ ರಜೆ ಒಂದೆರಡು ದಿನಕ್ಕೆ ಸಿಗುತ್ತದೆ, ತಿಂಗಳಿಗೆ ಸಿಗುವುದಿಲ್ಲ. ಮನೆಯಿಂದ ಮಾಡಬಹುದಾದ ಕೆಲಸ ಯಾವುದು, ಸಂಬಳವಿಲ್ಲದ ರಜೆ ಎಷ್ಟು ದಿನ ತಾಳಿಕೊಳ್ಳಬಹುದು, ತಂದೆ ತಾಯಿ ಪಾಳಿ ಬದಲಿಸಿಕೊಳ್ಳಲು ಸಾಧ್ಯವೇ ಎಂಬುದನ್ನು ಕೆಲಸದ ಜಾಗದಲ್ಲಿ ಮೊದಲೇ ಕೇಳಿಟ್ಟುಕೊಂಡರೆ, ಆ ದಿನ ಎಲ್ಲರೂ ಒಟ್ಟಿಗೆ ಕೇಳುವ ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ.

ಅಜ್ಜ ಅಜ್ಜಿಯರ ಹೆಸರು ಆ ಹಾಳೆಗೆ ಬರುವುದು ಸಹಜ. ಆದರೆ ಕೋವಿಡ್‌ನಲ್ಲಿ ಕಂಡಂತೆ, ಕೆಲವು ರೋಗಗಳು ಹಿರಿಯರಿಗೇ ಹೆಚ್ಚು ಅಪಾಯ ತರುತ್ತವೆ. ಮಗುವಿನಿಂದ ಸೋಂಕು ಹರಡದಿರಲಿ ಎಂದು ಶಾಲೆ ಮುಚ್ಚಿ, ಅದೇ ಮಗುವನ್ನು ಅವರ ಮಡಿಲಿಗೆ ಹಾಕಿದರೆ ಮುಚ್ಚಿದ ಉದ್ದೇಶವೇ ಹಾಳಾಗುತ್ತದೆ. ನೆರೆಯ ಎರಡು ಮೂರು ಮನೆಯವರು ಸೇರಿ ಪಾಳಿ ಹಾಕಿಕೊಳ್ಳುವುದು ಒಳ್ಳೆಯ ದಾರಿ, ಆದರೆ ಅದೇ ಗುಂಪು ಅದೇ ಗುಂಪಾಗಿಯೇ ಉಳಿಯಬೇಕು. ದಿನಕ್ಕೊಂದು ಮನೆ, ದಿನಕ್ಕೊಂದು ಹೊಸ ಮುಖ ಎಂದಾದರೆ ಅದು ಹೆಸರು ಬದಲಿಸಿಕೊಂಡ ಶಾಲೆಯಷ್ಟೇ.

ತಂದೆಯೋ ತಾಯಿಯೋ ದಾದಿ, ಆಂಬುಲೆನ್ಸ್ ಚಾಲಕ ಅಥವಾ ಪ್ರಯೋಗಾಲಯದ ಸಿಬ್ಬಂದಿಯಾಗಿದ್ದರೆ ಲೆಕ್ಕ ಇನ್ನೂ ಬಿಗಿ. ಶಾಲೆ ಮುಚ್ಚಿದ ದಿನವೇ ಆಸ್ಪತ್ರೆಗೆ ಅವರ ಅಗತ್ಯ ಹೆಚ್ಚು. ಈ ಕಾರಣಕ್ಕಾಗಿಯೇ ಇಂಗ್ಲೆಂಡಿನಲ್ಲಿ 2020ರ ಮಾರ್ಚ್ 23ರಿಂದ ಉಳಿದವರಿಗೆ ಶಾಲೆ ಮುಚ್ಚಿದರೂ, ಅತ್ಯಗತ್ಯ ಸೇವೆಯಲ್ಲಿರುವವರ ಮಕ್ಕಳಿಗೆ ತೆರೆದಿಟ್ಟಿದ್ದರು.

ಮನೆಯ ಔಷಧಿ ಪೆಟ್ಟಿಗೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಥರ್ಮಾಮೀಟರ್ ಕೆಲಸ ಮಾಡುತ್ತಿದೆಯೇ ಎಂದು ನೋಡಿ. ಮಗುವಿನ ಈಗಿನ ತೂಕ ಬರೆದಿಡಿ, ಏಕೆಂದರೆ ಜ್ವರದ ಔಷಧಿಯ ಪ್ರಮಾಣ ತೂಕದ ಮೇಲೆ ನಿಂತಿರುತ್ತದೆ. ದಿನನಿತ್ಯದ ಔಷಧಿ, ಆಸ್ತಮಾದ ಇನ್ಹೇಲರ್‌ನಂಥವು ಒಂದು ತಿಂಗಳಿಗಾಗುವಷ್ಟು ಇರಲಿ. ವೈದ್ಯರು ಹೇಳದ ಹೊರತು ಮಕ್ಕಳಿಗೆ ಆಸ್ಪಿರಿನ್ ಕೊಡಬೇಡಿ. ಫ್ಲೂ ಅಥವಾ ಸೀತಾಳೆ ಸಿಡುಬು (ಚಿಕನ್‌ಪಾಕ್ಸ್) ಬಂದ ಮಕ್ಕಳಲ್ಲಿ ಅದರಿಂದ ರೈ ಸಿಂಡ್ರೋಮ್ ಎಂಬ ಅಪರೂಪದ, ಆದರೆ ಮಿದುಳು ಮತ್ತು ಯಕೃತ್ತನ್ನು ಕೆಡಿಸುವ ತೊಂದರೆ ಉಂಟಾಗಬಹುದು. ಲಸಿಕೆಯ ಕಾರ್ಡನ್ನು ಹುಡುಕಿ ತೆಗೆದಿಡಿ. ದಡಾರದ ಸೋಂಕಿಗೆ ಒಡ್ಡಿಕೊಂಡ, ಲಸಿಕೆ ದಾಖಲೆ ಇಲ್ಲದ ಮಗುವನ್ನು 21 ದಿನ ಶಾಲೆಯಿಂದ ದೂರ ಇಡುವ ಪದ್ಧತಿ ಅನೇಕ ಕಡೆ ಇದೆ. ಇಡೀ ಶಾಲೆ ತೆರೆದಿದ್ದರೂ ಕಾಣೆಯಾದ ಆ ಒಂದು ಕಾರ್ಡಿನಿಂದಾಗಿ ನಿಮ್ಮ ಮಗುವಿಗೆ ಮಾತ್ರ ಮೂರು ವಾರ ಮುಚ್ಚಿದಂತಾಗುತ್ತದೆ.

(ಪರದೆಯಲ್ಲಿ: ಶಾಲೆಯ ಮೇಜು, ಒಳಗೆ ಉಳಿದುಹೋದ ಪುಸ್ತಕ.)

ಶಾಲೆಯ ಸಿದ್ಧತೆಯ ಮಾತು ಬಂದಾಗ ನನಗೆ ನೆನಪಾಗುವುದು ಒಂದು ಗಣಿತದ ಪುಸ್ತಕ. 2020ರಲ್ಲಿ ನಮ್ಮ ಮಗುವಿನ ಶಾಲೆಯಿಂದ ಮುಚ್ಚುವ ಸುದ್ದಿ ರಾತ್ರಿ ಬಂತು. ಬಂದದ್ದು ನಾವು ಎಂದೋ ಬಿಟ್ಟುಬಿಟ್ಟ ಹಳೆಯ ಮೊಬೈಲ್ ಸಂಖ್ಯೆಗೆ. ಮರುದಿನ ಬೆಳಿಗ್ಗೆ ಗೇಟಿನವರೆಗೆ ಹೋಗಿ ಬೀಗ ನೋಡಿ ಹಿಂತಿರುಗಿದೆವು. ಪುಸ್ತಕ, ಕಂಪಾಸ್ ಪೆಟ್ಟಿಗೆ, ನೀರಿನ ಬಾಟಲಿ ಎಲ್ಲವೂ ಮೇಜಿನೊಳಗೇ ಉಳಿದವು. ತಿಂಗಳುಗಳ ಮೇಲೆ ಆ ಪುಸ್ತಕ ಕೈಗೆ ಬಂದಾಗ, ಮಗು ಮುಂದಿನ ತರಗತಿಗೆ ದಾಟಿಯಾಗಿತ್ತು.

ಅದರಲ್ಲಿ ಶಾಲೆಯ ತಪ್ಪೆಷ್ಟೋ ನಮ್ಮದೂ ಅಷ್ಟೇ. ಸಂಖ್ಯೆ ಬದಲಾದದ್ದನ್ನು ನಾವು ತಿಳಿಸಿರಲಿಲ್ಲ, ಅವರು ಕೇಳಿರಲಿಲ್ಲ. ಆದ್ದರಿಂದ ಶಾಲೆಯು ವರ್ಷಕ್ಕೆರಡು ಬಾರಿಯಾದರೂ ಎಲ್ಲ ಮನೆಗಳಿಗೂ ಪರೀಕ್ಷಾರ್ಥ ಸಂದೇಶವೊಂದನ್ನು ಕಳುಹಿಸಿ, ಉತ್ತರ ಬಾರದ ಮನೆಗಳನ್ನು ಗುರುತಿಸಿ, ಅಂಥವರಿಗೆ ಸುದ್ದಿ ಮುಟ್ಟಿಸುವ ಬೇರೆ ದಾರಿಯನ್ನು ಗೊತ್ತುಮಾಡಿಕೊಳ್ಳಬೇಕು. ಓದಲು ಬಾರದ ಪೋಷಕರಿಗೆ ಧ್ವನಿ ಸಂದೇಶ, ಬೇರೆ ಭಾಷೆಯ ಪೋಷಕರಿಗೆ ಅವರ ಭಾಷೆಯಲ್ಲಿ ಸಂದೇಶ ಮೊದಲೇ ಸಿದ್ಧವಿರಲಿ. ಸೋಂಕಿನ ಸುದ್ದಿ ಹತ್ತಿರ ಬರುತ್ತಿದ್ದಂತೆ, ಪ್ರತಿ ಸಂಜೆ ಪುಸ್ತಕಗಳನ್ನು ಚೀಲದಲ್ಲಿ ಮನೆಗೆ ಕಳುಹಿಸುವ ಅಭ್ಯಾಸ ಆರಂಭಿಸುವುದಕ್ಕೆ ಖರ್ಚೂ ಇಲ್ಲ, ಸುತ್ತೋಲೆಯೂ ಬೇಕಿಲ್ಲ.

ಪಾಠದ ಮಟ್ಟಿಗೆ, ಮೊದಲ ಎರಡು ವಾರಗಳಿಗಾಗುವ ಅಭ್ಯಾಸ ಹಾಳೆಗಳು ಪ್ರತಿ ತರಗತಿಗೂ ಮುದ್ರಿತವಾಗಿ ಅಲಮಾರಿನಲ್ಲಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಕಾಗದಕ್ಕೆ ಸಿಗ್ನಲ್ ಬೇಡ, ಚಾರ್ಜ್ ಬೇಡ. ಮೂವರು ಮಕ್ಕಳಿಗೆ ಒಂದೇ ಮೊಬೈಲ್ ಇರುವ ಮನೆಯಲ್ಲಿ ಜಗಳವೂ ಬೇಡ. ಆನ್‌ಲೈನ್ ತರಗತಿ ನಡೆಸುವ ಶಾಲೆಗಳು ಒಂದು ಸಾಮಾನ್ಯ ದಿನ ಅದರ ತಾಲೀಮು ನಡೆಸಿ ನೋಡಲಿ. ಪಾಸ್‌ವರ್ಡ್ ಮರೆತವರು ಎಷ್ಟು ಮಂದಿ, ಹೊಸ ಪಾಠಕ್ಕೆ ಉತ್ತರಿಸದೆ ಸುಮ್ಮನೆ ಕುಳಿತವರು ಎಷ್ಟು ಮಂದಿ ಎಂಬುದು ಆ ಒಂದು ದಿನದಲ್ಲೇ ತಿಳಿಯುತ್ತದೆ.

ಊಟದ ಪ್ರಶ್ನೆ ಪಾಠಕ್ಕಿಂತ ಮೊದಲು ಬರುತ್ತದೆ. 2020ರಲ್ಲಿ ಶಾಲೆಯ ಊಟ ತಪ್ಪಿದ ಮಕ್ಕಳ ಸಂಖ್ಯೆ ಸುಮಾರು 37 ಕೋಟಿ ಎಂದು ವಿಶ್ವ ಆಹಾರ ಕಾರ್ಯಕ್ರಮ ಲೆಕ್ಕ ಹಾಕಿತ್ತು. ಬೇಯಿಸಿದ ಊಟದ ಬದಲು ದಿನಸಿಯನ್ನು ಮನೆಗೆ ಕೊಡುವುದೋ, ಪೊಟ್ಟಣ ಕಟ್ಟಿ ಗೇಟಿನಲ್ಲಿ ಹಂಚುವುದೋ, ಹಣ ಕೊಡುವುದೋ, ಯಾವುದಾದರೂ ಸರಿ. ಆ ಪಟ್ಟಿಯಲ್ಲಿರುವ ಮಕ್ಕಳು ಯಾರು ಎಂಬುದು ಬೀಗ ಹಾಕುವ ಮೊದಲೇ ಶಾಲೆಯ ಹೊರಗೂ ಒಬ್ಬರ ಕೈಯಲ್ಲಿರಬೇಕು. ಕಚೇರಿಯ ಕಂಪ್ಯೂಟರ್‌ನೊಳಗಿನ ಪಟ್ಟಿ ಬೀಗದಾಚೆಯೇ ಉಳಿದುಬಿಟ್ಟ ಪ್ರಸಂಗಗಳನ್ನು ಕೇಳಿದ್ದೇನೆ.

(ಪರದೆಯಲ್ಲಿ: ಹಾಜರಿ ಪುಸ್ತಕದ ಪುಟ, ಒಂದೇ ಸಾಲಿನಲ್ಲಿ ಹಲವು ಗೈರು ಗುರುತುಗಳು.)

ಮುಚ್ಚದಂತೆ ನೋಡಿಕೊಳ್ಳುವುದೂ ಸಿದ್ಧತೆಯೇ. ಸೋಂಕನ್ನು ಎಲ್ಲಕ್ಕಿಂತ ಮೊದಲು ಹೇಳುವುದು ಹಾಜರಿ ಪುಸ್ತಕ. ಒಂದೇ ತರಗತಿಯಲ್ಲಿ ಒಂದೇ ವಾರ ಗೈರುಹಾಜರಿ ಏರಿದರೆ ಅದನ್ನು ಆರೋಗ್ಯ ಇಲಾಖೆಗೆ ತಿಳಿಸುವವರು ಯಾರೆಂದು ಗೊತ್ತಿರಬೇಕು. ಜ್ವರ ಬಂದ ಮಗು, ಔಷಧಿಯಿಲ್ಲದೆಯೇ ಜ್ವರ ಇಳಿದು 24 ಗಂಟೆ ಕಳೆಯುವವರೆಗೆ ಮನೆಯಲ್ಲಿರಲಿ. ವಾಂತಿ ಭೇದಿಯಾದರೆ ನಿಂತ ಮೇಲೆ 48 ಗಂಟೆ. ನೊರೊವೈರಸ್‌ನಂಥ ವಾಂತಿ ಭೇದಿಯ ಸೋಂಕಿಗೆ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ, ಸೋಪು ನೀರಿನಲ್ಲಿ 20 ಸೆಕೆಂಡು ಕೈ ತೊಳೆಯುವುದೇ ಬೇಕು. ಇವೆಲ್ಲ ಗೊತ್ತಿದ್ದರೂ ಪೋಷಕರು ಕೆಮ್ಮುವ ಮಗುವಿಗೆ ಬೆಳಿಗ್ಗೆ ಒಂದು ಮಾತ್ರೆ ನುಂಗಿಸಿ ಕಳುಹಿಸುವುದೇಕೆ? ಒಂದು ಕಾರಣ, ಅಂದು ರಜೆ ಸಿಗದಿರುವುದು. ಇನ್ನೊಂದು, ನೂರಕ್ಕೆ ನೂರು ಹಾಜರಾತಿಗೆ ಶಾಲೆ ಕೊಡುವ ಬಹುಮಾನ. ಸೋಂಕು ಹಬ್ಬುವ ದಿನಗಳಲ್ಲಾದರೂ ಆ ಪ್ರಶಸ್ತಿಯನ್ನು ಕಪಾಟಿನಲ್ಲಿಡಬೇಕು; ಕಾಯಿಲೆಯ ಮಗುವನ್ನು ತರಗತಿಗೆ ಎಳೆತರಲು ಅದಕ್ಕಿಂತ ಒಳ್ಳೆಯ ಉಪಾಯ ಇನ್ನೊಂದಿಲ್ಲ.

(ಪರದೆಯಲ್ಲಿ: ತೆರೆಯುತ್ತಿರುವ ಗೇಟು.)

ಮರಳಿ ತೆರೆಯುವ ದಿನವನ್ನೂ ಇದೇ ಯೋಜನೆಯಲ್ಲಿ ಬರೆಯಬೇಕು. ತಿಂಗಳುಗಟ್ಟಲೆ ನಿಂತ ನೀರಿನ ಕೊಳವೆಗಳಲ್ಲಿ ಲೀಜಿಯೊನೆಲ್ಲಾದಂಥ ಬ್ಯಾಕ್ಟೀರಿಯಾ ಬೆಳೆಯುವುದುಂಟು, ಆದ್ದರಿಂದ ಮಕ್ಕಳು ಬರುವ ಮೊದಲು ನಲ್ಲಿಗಳನ್ನು ತೆರೆದು ಹಳೆಯ ನೀರನ್ನು ಹರಿಯಬಿಡಬೇಕು. ಎಲ್ಲರೂ ಒಂದೇ ದಿನ ಬರಬೇಕೆಂದಿಲ್ಲ. ಡೆನ್ಮಾರ್ಕ್ 2020ರ ಏಪ್ರಿಲ್ 15ರಿಂದ ಮೊದಲು ಕರೆದದ್ದು ಚಿಕ್ಕ ಮಕ್ಕಳನ್ನು, ಸಣ್ಣ ಸಣ್ಣ ಗುಂಪುಗಳಲ್ಲಿ.

ಇನ್ನು, ಬಾರದೇ ಹೋಗುವವರ ವಿಷಯ. 2014ರಲ್ಲಿ ಎಬೋಲಾ ಹಬ್ಬಿದಾಗ ಸಿಯೆರಾ ಲಿಯೋನ್‌ನಲ್ಲಿ ಶಾಲೆಗಳು ತಿಂಗಳುಗಳ ಕಾಲ ಮುಚ್ಚಿದ್ದವು, ರೇಡಿಯೋದಲ್ಲಿ ಪಾಠ ನಡೆಯಿತು, 2015ರ ಏಪ್ರಿಲ್‌ನಲ್ಲಿ ಬಾಗಿಲು ತೆರೆಯಿತು. ಆ ಅವಧಿಯಲ್ಲಿ ಗರ್ಭಿಣಿಯರಾದ ಹುಡುಗಿಯರಿಗೆ ಮಾತ್ರ ತರಗತಿಗೆ ಪ್ರವೇಶವಿರಲಿಲ್ಲ. ಆ ನಿಷೇಧ ತೆರವಾದದ್ದು 2020ರ ಮಾರ್ಚ್‌ನಲ್ಲಿ. ಶಾಲೆ ಮತ್ತೆ ಆರಂಭವಾದ ಬೆಳಿಗ್ಗೆ ಶಿಕ್ಷಕರು ಹಾಜರಿ ಕರೆಯುತ್ತಾರೆ, ಕೆಲವು ಹೆಸರುಗಳಿಗೆ ಉತ್ತರ ಬರುವುದಿಲ್ಲ. ಮೂರನೆಯ ದಿನವೂ ಉತ್ತರ ಬಾರದ ಹೆಸರುಗಳ ಮನೆಗೆ ಹೋಗುವವರು ಯಾರು, ಹೋಗಿ ಏನನ್ನು ಕೇಳಬೇಕು, ಮಗು ದುಡಿಮೆಗೆ ಸೇರಿದ್ದರೆ ಅಥವಾ ಮದುವೆ ನಿಶ್ಚಯವಾಗಿದ್ದರೆ ಯಾರಿಗೆ ತಿಳಿಸಬೇಕು ಎಂಬ ಸಾಲುಗಳು ಶಾಲೆಯ ಯೋಜನೆಯ ಕೊನೆಯ ಪುಟದಲ್ಲಿ ಇರಬೇಕು, ಅದರ ಪಕ್ಕದಲ್ಲಿ ಆ ಕೆಲಸಕ್ಕೆ ಒಪ್ಪಿಕೊಂಡವರ ಸಹಿಯೂ ಇರಬೇಕು.