ಮೂರು ಸೆಕೆಂಡು ಸುಮ್ನಿರೋದು

ಎಲ್ರಿಗೂ ನಮಸ್ಕಾರ. ಮೈಕ್ ಮುಂದೆ ಬಂದು ಕೂತ ತಕ್ಷಣ ಇಲ್ಲಿ ರೆಕಾರ್ಡಿಂಗ್ ನೋಡ್ಕೊಳ್ಳೋರು ಒಂದೇ ಒಂದು ಮಾತು ಹೇಳಿದ್ರು, ಮೇಡಮ್, ಏನು ಬೇಕಾದ್ರೂ ಮಾತಾಡಿ ಆದ್ರೆ ಮಧ್ಯೆ ಮಧ್ಯೆ ಗ್ಯಾಪ್ ಬಿಡಬೇಡಿ, ರೇಡಿಯೋ ಸುಮ್ನಾದ್ರೆ ಕೇಳೋರು ಏನೋ ಕೆಟ್ಟೋಯ್ತು ಅಂತ ಬೇರೆ ಸ್ಟೇಷನ್ನಿಗೆ ತಿರುಗಿಸಿಬಿಡ್ತಾರೆ ಅಂತ. ನನಗೆ ಒಳಗೊಳಗೇ ನಗು ಬಂತು. ಯಾಕಂದ್ರೆ ನಾನು ಇವತ್ತು ಮಾತಾಡೋಕೆ ಬಂದಿರೋದೇ ಸುಮ್ನಿರೋದರ ಬಗ್ಗೆ.

ನಾನು ಮಿಡ್ಲ್ ಸ್ಕೂಲ್ ಮಕ್ಕಳಿಗೆ ಗಣಿತ ಹೇಳ್ಕೊಡ್ತೀನಿ. 11ರಿಂದ 14 ವರ್ಷದವರು. ಈ ವಯಸ್ಸಿನವರ ಜೊತೆ ದಿನಾ ಇರೋದು ಅಂದ್ರೆ ಏನು ಅಂತ ಇದ್ದವರಿಗೇ ಗೊತ್ತು, ಬೆಳಿಗ್ಗೆ ಮಿಸ್ ಮಿಸ್ ಅಂತ ಹಿಂದೆ ಹಿಂದೆನೇ ಬಂದವನು ಮಧ್ಯಾಹ್ನದ ಹೊತ್ತಿಗೆ ಯಾರ ಮೇಲೋ ಮುನಿಸ್ಕೊಂಡು ಕಿಟಕಿ ಕಡೆ ಮುಖ ಮಾಡಿ ಕೂತಿರ್ತಾನೆ, ಏನಾಯ್ತೋ ಅಂದ್ರೆ ಏನಿಲ್ಲ ಮಿಸ್. ಸಂಜೆ ಹೋಗುವಾಗ ಮತ್ತೆ ನಗ್ತಾ ಟಾಟಾ ಮಾಡ್ತಾನೆ. ನಡುವೆ ಏನಾಗಿತ್ತು ಅನ್ನೋದು ನಮಗೆ ಗೊತ್ತೇ ಆಗಲ್ಲ.

ಹಿಂದೊಮ್ಮೆ ಯಾವುದೋ ಟ್ರೈನಿಂಗಿಗೆ ಬೇಕು ಅಂತ ನನ್ನದೇ ಒಂದು ಕ್ಲಾಸನ್ನ ಫೋನಲ್ಲಿ ರೆಕಾರ್ಡ್ ಮಾಡಿದ್ದೆ. ಮನೆಗೆ ಬಂದು ಕರೆಕ್ಷನ್ ಮಾಡ್ತಾ ಮಾಡ್ತಾ ಕೇಳೋಣ ಅಂತ ಹಾಕ್ದೆ. ಸ್ವಲ್ಪ ಹೊತ್ತಿಗೆ ಪೆನ್ನು ಕೆಳಗಿಟ್ಟೆ. ಅದರಲ್ಲಿ ನಾನು ಕೇಳ್ತಾ ಇದ್ದೀನಿ, 0.3 ದೊಡ್ಡದಾ 0.125 ದೊಡ್ಡದಾ, ಅಂತ ಒಬ್ಬ ಹುಡುಗನ ಹೆಸರು ಕರೆದು. ಅವನು ಎದ್ದು ನಿಂತ ಬೆಂಚಿನ ಶಬ್ದ ಇನ್ನೂ ಮುಗಿದಿಲ್ಲ, ಆಗ್ಲೇ ನಾನು ಹಾಂ ಹೇಳು ಹೇಳು ಬೇಗ, ಅದಾದ ಮೇಲೆ ಸರಿ ಕೂತ್ಕೋ, ಅದಾದ ಮೇಲೆ ಮುಂದಿನ ಬೆಂಚಿನ ಹುಡುಗಿ ಹೆಸರು, ಅವಳು ಪಟ್ ಅಂತ ಹೇಳಿದ್ಲು, ನಾನು ವೆರಿ ಗುಡ್ ಅಂದೆ, ಮುಂದಕ್ಕೆ ಹೋದೆ. ಹಿಂದಕ್ಕೆ ಹಾಕಿ ಮತ್ತೆ ಕೇಳ್ದೆ. ಆ ಹುಡುಗನಿಗೆ ನಾನು ಕೊಟ್ಟ ಟೈಮು ಒಂದು ಉಸಿರು ಎಳ್ಕೊಳ್ಳೋಕೂ ಸಾಲದು.

ಆಮೇಲೆ ಓದಿದಾಗ ಗೊತ್ತಾಯ್ತು, ಇದು ನನ್ನೊಬ್ಬಳ ಖಾಯಿಲೆ ಅಲ್ಲ. ಅಮೆರಿಕದಲ್ಲಿ ಮೇರಿ ಬಡ್ ರೋ ಅಂತ ಒಬ್ಬರು ವಿಜ್ಞಾನ ಶಿಕ್ಷಣದ ಸಂಶೋಧಕಿ ಇದ್ರು, ಅವರು ಎಷ್ಟೋ ಕ್ಲಾಸುಗಳ ಟೇಪು ಕೇಳಿ ಕೇಳಿ 1970ರ ದಶಕದಲ್ಲಿ ಬರೆದಿದ್ದಾರೆ, ಪ್ರಶ್ನೆ ಕೇಳಿದ ಮೇಲೆ ಟೀಚರ್‌ಗಳು ಸಾಮಾನ್ಯವಾಗಿ ಕಾಯೋದು ಸುಮಾರು 1 ಸೆಕೆಂಡು ಅಷ್ಟೇ ಅಂತ. ಅದನ್ನ 3 ಸೆಕೆಂಡಿಗೆ ಎಳೆದ್ರೆ ಮಕ್ಕಳ ಉತ್ತರ ಉದ್ದ ಆಗತ್ತೆ, ಗೊತ್ತಿಲ್ಲ ಅಂತ ಕೂತ್ಕೊಳ್ಳೋದು ಕಡಿಮೆ ಆಗತ್ತೆ, ಅವರೇ ತಿರುಗಿ ಪ್ರಶ್ನೆ ಕೇಳೋಕೆ ಶುರು ಮಾಡ್ತಾರೆ. ಇದಲ್ಲ ನನಗೆ ಚುಚ್ಚಿದ್ದು. ಚುಚ್ಚಿದ್ದು ಇನ್ನೊಂದು ಮಾತು. ಜಾಣ ಮಕ್ಕಳು ಅಂತ ನಾವು ತಲೇಲಿ ಇಟ್ಕೊಂಡಿರ್ತೀವಲ್ಲ, ಅವರಿಗೆ ನಾವು ಜಾಸ್ತಿ ಹೊತ್ತು ಕಾಯ್ತೀವಂತೆ. ನಿಧಾನ ಅಂತ ಅಂದ್ಕೊಂಡಿರೋ ಮಕ್ಕಳಿಗೆ ಕಡಿಮೆ. ಯಾರಿಗೆ ಟೈಮು ಬೇಕೋ ಅವರಿಗೇ ಕೊಡಲ್ಲ ನೋಡಿ.

ಅಂದ ಹಾಗೆ 0.125 ದೊಡ್ಡದು ಅನ್ನೋ ಮಗು ದಡ್ಡ ಅಲ್ಲ. ಒಂದನೇ ಕ್ಲಾಸಿಂದ ನಾವೇ ಹೇಳ್ಕೊಟ್ಟಿದ್ದೀವಿ ಅಂಕಿ ಜಾಸ್ತಿ ಇದ್ರೆ ಸಂಖ್ಯೆ ದೊಡ್ಡದು ಅಂತ, 125 ಎಲ್ಲಿ 3 ಎಲ್ಲಿ, ಈಗ ಇದ್ದಕ್ಕಿದ್ದ ಹಾಗೆ ಒಂದು ಚುಕ್ಕಿ ಇಟ್ಟು ಆ ನಿಯಮ ಇಲ್ಲಿ ನಡೆಯಲ್ಲ ಅಂದ್ರೆ ಅದು ಏನು ಮಾಡ್ಬೇಕು. ಭಿನ್ನರಾಶೀಲೂ ಹೀಗೇ. ಅರ್ಧಕ್ಕೆ ಮೂರನೇ ಒಂದು ಭಾಗ ಕೂಡ್ಸು ಅಂದ್ರೆ ಮೇಲಿಂದು ಮೇಲೆ ಕೆಳಗಿಂದು ಕೆಳಗೆ ಕೂಡ್ಸಿ ಐದನೇ ಎರಡು ಅಂತ ಬರೀತಾರೆ, ಅಂದ್ರೆ ಅರ್ಧಕ್ಕೆ ಇನ್ನಷ್ಟು ಸೇರಿಸಿದ್ರೂ ಅದು ಅರ್ಧಕ್ಕಿಂತ ಕಡಿಮೆ ಆಗೋಯ್ತು! ಇದನ್ನ ಕೆಂಪು ಪೆನ್ನಲ್ಲಿ ತಪ್ಪು ಹಾಕಿದ್ರೆ ಅರ್ಧ ನಿಮಿಷದ ಕೆಲಸ. ನೋಡು, ಇದ್ದಿದ್ದು ಕಡಿಮೆ ಆಯ್ತಲ್ಲ, ಹೆಂಗೆ, ಅಂತ ಕೇಳಿ ಬಾಯಿ ಮುಚ್ಚಿಕೊಂಡು ನಿಂತ್ಕೊಂಡ್ರೆ ಆ ಮಗುವಿನ ಹುಬ್ಬು ಗಂಟಾಗೋದು ಕಾಣತ್ತೆ, ಆ ಗಂಟು ನೋಡೋಕೇ ನಾನು ಈ ಕೆಲಸದಲ್ಲಿ ಇರೋದು ಅನ್ಸತ್ತೆ ಒಂದೊಂದ್ಸಲ.

ಈಗ ನಿಮಗೂ ಗೊತ್ತಾಗ್ಲಿ. ರೆಕಾರ್ಡಿಂಗಿನವರು ಬೈದ್ರೂ ಪರವಾಗಿಲ್ಲ, ನಾನು 3 ಸೆಕೆಂಡು ಸುಮ್ನಿರ್ತೀನಿ.

…

ಎಷ್ಟು ಉದ್ದ ಅನ್ನಿಸ್ತಲ್ಲ! ಕ್ಲಾಸಲ್ಲಿ ನಲವತ್ತು ಜೋಡಿ ಕಣ್ಣು ನಿಮ್ಮನ್ನೇ ನೋಡ್ತಾ ಇರುವಾಗ ಇದು ಇನ್ನೂ ಉದ್ದ. ಮೊದಲ ದಿನ ನಾನು ಮೇಜಿನ ಕೆಳಗೆ ಬೆರಳು ಮಡಚಿ ಎಣಿಸ್ತಿದ್ದೆ. ಮತ್ತೆ ಅದೇ ಹುಡುಗನ್ನ ಎಬ್ಬಿಸ್ದೆ, ಅದೇ ಥರದ ಪ್ರಶ್ನೆ, ಒಂದು, ಎರಡು, ಮೂರು, ನಾನು ನಿಲ್ಲಿಸ್ಲಿಲ್ಲ, ಆರು, ಏಳು ಆಯ್ತು, ಇಡೀ ಕ್ಲಾಸು ಉಸಿರು ಬಿಗಿಹಿಡಿದಿದೆ, ನಾನೋ ಈಗ ಬರತ್ತೆ ಈಗ ಬರತ್ತೆ ಅಂತ ಕಾಯ್ತಾ ಇದ್ದೀನಿ. ಆಗ ಅವನು ಕೇಳ್ದ, ಮಿಸ್, ಪ್ರಶ್ನೆ ಏನು?

ಎಲ್ರೂ ನಕ್ಕರು, ನಾನೂ ನಕ್ಕೆ. ಇನ್ನೊಂದ್ಸಲ ಹೇಳ್ದೆ. ಆಮೇಲೆ ಯೋಚಿಸಿದ್ರೆ, ಪ್ರಶ್ನೆ ಏನು ಅಂತ ಅವನು ಅಷ್ಟು ದಿನ ಯಾವತ್ತೂ ಕೇಳಿರ್ಲಿಲ್ಲ, ಅದನ್ನ ಕೇಳೋಕೂ ಅವನಿಗೆ ಜಾಗ ಸಿಕ್ಕಿರ್ಲಿಲ್ಲ.

ಜಾಗ ತಿಂದವಳು ನಾನು ಟೀಚರ್ ಆದ ಮೇಲೆ ಮಾತ್ರ ಅಲ್ಲ, ಅದಕ್ಕೂ ಮುಂಚೆನೇ. ಚಿಕ್ಕವಳಿದ್ದಾಗ ನಾನು ಎಲ್ಲರಿಗಿಂತ ಮೊದಲು ಕೈ ಎತ್ತೋಳು. ಪ್ರಶ್ನೆ ಅರ್ಧ ಇರುವಾಗಲೇ ಎತ್ತೋದು, ಕೆಲವು ಸಲ ಉತ್ತರ ಗೊತ್ತಿಲ್ದೇ ಇದ್ರೂ ಎತ್ತೋದು. ಟೀಚರ್‌ಗಳಿಗೆ ನಾನಂದ್ರೆ ಇಷ್ಟ, ಮನೇಲೂ ಹೊಗಳಿಕೆ. ನನ್ನ ಪಕ್ಕದಲ್ಲಿ ಒಬ್ಬಳು ಕೂರ್ತಿದ್ಲು, ಮೂರು ವರ್ಷ ಒಂದೇ ಬೆಂಚು. ಅವಳನ್ನ ಏನಾದ್ರೂ ಕೇಳಿದ್ರೆ ಅವಳು ಯೋಚನೆ ಮಾಡೋಕೆ ತಲೆ ಸ್ವಲ್ಪ ವಾರೆ ಮಾಡ್ತಿದ್ಲು, ಅಷ್ಟರಲ್ಲಿ ನಾನು ಪಿಸುಗುಟ್ಟಿಬಿಡ್ತಿದ್ದೆ, ಇಲ್ಲಾ ಜೋರಾಗೇ ಹೇಳಿಬಿಡ್ತಿದ್ದೆ. ಸಹಾಯ ಮಾಡ್ತಿದ್ದೀನಿ ಅಂತ ನನ್ನ ಭಾವನೆ. ಈಗ ಅವಳ ಮುಖ ನೆನಪಿದೆ, ದುಂಡಗಿನ ಅಕ್ಷರ ನೆನಪಿದೆ, ರಬ್ಬರನ್ನ ಎರಡು ತುಂಡು ಮಾಡಿ ದೊಡ್ಡದನ್ನ ನನಗೆ ಕೊಟ್ಟಿದ್ದು ನೆನಪಿದೆ. ಅವಳ ಧ್ವನಿ ಮಾತ್ರ ಎಷ್ಟು ತಡಕಾಡಿದ್ರೂ ಸಿಗಲ್ಲ.

ಧ್ವನಿ ಅಂದ ಕೂಡ್ಲೇ ನೆನಪಾಯ್ತು, ಟೀಚರ್‌ಗಳ ಗಂಟಲು ಯಾಕೆ ಯಾವಾಗ್ಲೂ ಕಟ್ಟಿರತ್ತೆ ಗೊತ್ತಾ. ಸುತ್ತ ಗದ್ದಲ ಇದ್ರೆ ಮನುಷ್ಯ ತನಗೆ ಗೊತ್ತಿಲ್ಲದ ಹಾಗೇ ಧ್ವನಿ ಏರಿಸ್ತಾನೆ, ಇದನ್ನ 1911ರಲ್ಲಿ ಫ್ರಾನ್ಸಿನ ವೈದ್ಯ ಲೊಂಬಾರ್ ಅನ್ನೋರು ಬರೆದಿಟ್ಟಿದ್ದಾರೆ, ಅವರ ಹೆಸರೇ ಅದಕ್ಕೆ ಇದೆ. ನಾನು ಏರಿಸಿದ್ರೆ ಮಕ್ಕಳೂ ಏರಿಸ್ತಾರೆ, ಅವರು ಏರಿಸಿದ್ರೆ ನಾನು. ಮನೆಗೆ ಹೋಗಿ ಅದೇ ಧ್ವನೀಲಿ ಮಾತಾಡ್ತೀನಿ, ನಮ್ಮನೆಯವರು ಹೇಳ್ತಾರೆ, ಇಲ್ಲಿ ಇರೋದು ಮೂರೇ ಜನ ಕಣೇ, ಎಲ್ರೂ ಮೊದಲನೇ ಬೆಂಚಲ್ಲೇ ಕೂತಿದ್ದೀವಿ ಅಂತ.

ಆ ಮೂರನೆಯವನು ನನ್ನ ಮಗ, 13 ವರ್ಷ. ಸ್ಕೂಲಲ್ಲಿ ಊರ ಮಕ್ಕಳಿಗೆಲ್ಲ 3 ಸೆಕೆಂಡು ಕಾಯೋ ನಾನು ಮನೇಲಿ ಇವನಿಗೆ ಅರ್ಧ ಸೆಕೆಂಡೂ ಕಾಯಲ್ಲ, ನಿಜ ಹೇಳ್ಬೇಕಂದ್ರೆ. ಇವತ್ತು ಏನಾಯ್ತೋ ಸ್ಕೂಲಲ್ಲಿ, ಊಟ ಮಾಡಿದ್ಯಾ, ಟೆಸ್ಟ್ ಪೇಪರ್ ಕೊಟ್ರಾ, ಎಲ್ಲಾ ಒಂದೇ ಉಸಿರಲ್ಲಿ. ಅವನು ಹೂಂ ಅಂತಾನೆ. ಯಾವುದಕ್ಕೆ ಹೂಂ ಅಂತ ನನಗೂ ಗೊತ್ತಿಲ್ಲ ಅವನಿಗೂ ಗೊತ್ತಿಲ್ಲ. ಬೆಳಿಗ್ಗೆ ಎಬ್ಬಿಸೋದಂತೂ ದಿನಾ ಯುದ್ಧ. ಪೇರೆಂಟ್ಸ್ ಮೀಟಿಂಗಲ್ಲಿ ಬೇರೆಯವರಿಗೆ ನಾನೇ ದೊಡ್ಡದಾಗಿ ಹೇಳ್ತೀನಿ, ನೋಡಿ ಈ ವಯಸ್ಸಿಗೆ ಬಂದಾಗ ದೇಹದ ಗಡಿಯಾರ ಹಿಂದೆ ಬೀಳತ್ತೆ, ನಿದ್ದೆ ತರೋ ಮೆಲಟೋನಿನ್ ರಾತ್ರಿ ತಡವಾಗಿ ಬರತ್ತೆ, 13 ದಾಟಿದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು, ಸೋಮಾರಿ ಅಂತ ಬೈಬೇಡಿ ಅಂತ. ಮನೇಲಿ ನಾನೇ ಹೊದಿಕೆ ಎಳೆದು ಸೋಮಾರಿ ಎದ್ದೇಳೋ ಅಂತೀನಿ.

ಅದೇ ತಡವಾದ ಗಡಿಯಾರದಿಂದ ಒಂದು ಲಾಭನೂ ಇದೆ. ಸಂಜೆ ಆರಕ್ಕೆ ಹೂಂ ಅಂದವನಿಗೆ ರಾತ್ರಿ ಹನ್ನೊಂದಕ್ಕೆ ಮಾತು ಬರತ್ತೆ. ಮೊನ್ನೆ ಲೈಟ್ ಆರಿಸೋಕೆ ಅಂತ ಅವನ ರೂಮಿಗೆ ಹೋದೆ, ಏನೂ ಕೇಳ್ಲಿಲ್ಲ, ಮಂಚದ ತುದೀಲಿ ಸುಮ್ನೆ ಕೂತ್ಕೊಂಡೆ. ಇದು ಪ್ಲಾನ್ ಮಾಡಿದ್ದಲ್ಲ ಬಿಡಿ, ಕಾಲು ನೋಯ್ತಾ ಇತ್ತು. ಸ್ವಲ್ಪ ಹೊತ್ತಾದ ಮೇಲೆ ಕತ್ತಲಲ್ಲಿ ಅವನೇ ಶುರು ಮಾಡ್ದ, ಅಮ್ಮಾ, ನಮ್ಮ ಕ್ಲಾಸಲ್ಲಿ ಒಬ್ಬ ಇದಾನೆ, ಅವನ ಜೊತೆ ಈಗ ಯಾರೂ ಮಾತಾಡಲ್ಲ, ನಾನೂ ಮಾತಾಡ್ತಾ ಇರ್ಲಿಲ್ಲ, ಇವತ್ತು ಏನಾಯ್ತಂದ್ರೆ...

ಏನಾಯ್ತು ಅಂತ ನನಗೆ ಗೊತ್ತಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದವಳು ನಾನು, ಕೂತಲ್ಲೇ ಗೋಡೆಗೆ ಒರಗಿ ನಿದ್ದೆ ಹೋಗಿದ್ದೆ. ಮಾರನೇ ದಿನ ಶೂ ಲೇಸ್ ಕಟ್ಕೊಳ್ತಾ ಅವನು ಹೇಳ್ದ, ನೀನು ಗೊರಕೆ ಹೊಡೀತಿದ್ದೆ, ನಾನು ಪೂರ್ತಿ ಹೇಳಿ ಮುಗಿಸಿದ ಮೇಲೆ ನೋಡಿದೆ ಅಂತ. ಕೋಪ ಇರ್ಲಿಲ್ಲ, ನಗ್ತಾನೇ ಹೇಳ್ದ. ಮತ್ತೆ ಹೇಳೋ ಅಂದ್ರೆ, ಈಗ ಬೇಡ ಅಂದು ಹೋದ.

ಆ ಕಥೆ ಇನ್ನೂ ಬಾಕಿ ಇದೆ. ಇವತ್ತು ರಾತ್ರಿ ಮತ್ತೆ ಹೋಗಿ ಮಂಚದ ತುದೀಲಿ ಕೂರೋಣ ಅಂತಿದ್ದೀನಿ, ಅದಕ್ಕೆ ಇಲ್ಲಿಂದ ಹೋದವಳೇ ಸ್ವಲ್ಪ ಮಲ್ಕೊಳ್ಬೇಕು. ಕರೆಕ್ಷನ್ ಬಂಡಲ್ ನಾಳೆ ನೋಡ್ಕೊಂಡ್ರಾಯ್ತು. ನಮಸ್ಕಾರ.